ರೀಫ್ ಟ್ಯಾಂಕಿಗೆ ಹೊಸ ಲೈಟ್ ಕೊಳ್ಳುವ ಮುಂಚೆ
ರೀಫ್ ಟ್ಯಾಂಕಿನಲ್ಲಿ, ಅಂದರೆ ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಹವಳಕ್ಕೆ ಬೆಳಕು ಸಾಲುತ್ತಿಲ್ಲ ಅನ್ನಿಸಿದರೆ ದುಬಾರಿ ಎಲ್‌ಇಡಿಗೆ ದುಡ್ಡು ಹಾಕುವ ಮುಂಚೆ ಎರಡು ಕೆಲಸ ಮಾಡಿ: ವಾರಕ್ಕೊಮ್ಮೆ ಲೈಟಿನ ಪ್ಲಗ್ ಕಿತ್ತು ಲೆನ್ಸ್ ಮತ್ತು ಟ್ಯಾಂಕಿನ ಮೇಲಿನ ಗಾಜನ್ನು ಆರ್‌ಒ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಜೊತೆಗೆ ಫಿಲ್ಟರಿನಲ್ಲಿ ಒಂದು ಸಣ್ಣ ಚೀಲ ಆ್ಯಕ್ಟಿವೇಟೆಡ್ ಕಾರ್ಬನ್ (ನೀರಿನ ಬಣ್ಣ ಹೀರುವ ಇದ್ದಿಲು) ಇಡಿ. ನೀರು ಸಿಡಿದು ಒಣಗಿದ ಕಡೆ ಬಿಳಿ ಉಪ್ಪಿನ ಪೊರೆ ಕೂರುತ್ತದೆ, ಅದರ ಮೇಲೆ ನಮ್ಮ ಹುಬ್ಬಳ್ಳಿ ಧೂಳು ಬೇರೆ ಅಂಟಿಕೊಂಡು ಬೆಳಕನ್ನು ತಡೆಯುತ್ತದೆ. ಇನ್ನು ಟ್ಯಾಂಕಿನ ನೀರು ದಿನ ಕಳೆದಂತೆ ಹಳದಿಗೆ ತಿರುಗಿ, ಹವಳದೊಳಗೇ ಇದ್ದು ಅದಕ್ಕೆ ಆಹಾರ ಮಾಡಿಕೊಡುವ ಪಾಚಿಗೆ ಮುಖ್ಯವಾಗಿ ಬೇಕಾದ ನೀಲಿ ಬೆಳಕನ್ನೇ ನುಂಗಿಬಿಡುತ್ತದೆ. ಕಾರ್ಬನ್ ಆ ಹಳದಿಯನ್ನು ಹೀರುತ್ತದೆ. ಅನುಮಾನವಿದ್ದರೆ ಒಂದು ಬಿಳಿ ಬಕೆಟ್‌ಗೆ ಟ್ಯಾಂಕಿನ ನೀರು, ಇನ್ನೊಂದಕ್ಕೆ ಹೊಸದಾಗಿ ಕಲಸಿದ ಉಪ್ಪುನೀರು ತುಂಬಿ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬೋರ್ ನೀರಲ್ಲಿ ಮಾತ್ರ ಒರೆಸಬೇಡಿ, ಸುಣ್ಣದ ಕಲೆ ಉಳಿಯುತ್ತದೆ. ಕಾರ್ಬನ್ನನ್ನೂ ಒಮ್ಮೆಲೇ ಪೂರ್ತಿ ಹಾಕಬೇಡಿ, ಬೆಳಕು ದಿಢೀರನೆ ಏರಿದರೆ ಹವಳ ಬೆಳ್ಳಗಾಗುವ ಅಪಾಯ ಇದೆ, ಅರ್ಧದಿಂದ ಶುರು ಮಾಡಿ, ತಿಂಗಳಿಗೊಮ್ಮೆ ಬದಲಿಸಿ. ಮಶ್ರೂಮ್, ಜೊವಾಂಥಿಡ್, ಲೆದರ್ ತರಹದ ಮೆತ್ತನೆ ಹವಳ ಜಾತಿಗಳಿಗೆ ಇಷ್ಟೇ ಸಾಕಾಗುವ ಸಾಧ್ಯತೆ ಜಾಸ್ತಿ. ಅಕ್ರೋಪೋರಾದಂಥ ಗಟ್ಟಿ ಹವಳಕ್ಕೆ ಸಾಲದು, ಅದಕ್ಕೆ ನಿಜಕ್ಕೂ ಜೋರು ಲೈಟೇ ಬೇಕು, ಮೇಲಾಗಿ ನಮ್ಮ ಕಡಲಿನ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅಲ್ಲಿಂದ ಕಿತ್ತು ತಂದದ್ದನ್ನು ಯಾರು ಕೊಟ್ಟರೂ ದಯವಿಟ್ಟು ಕೊಳ್ಳಬೇಡಿ. ಎಲ್‌ಇಡಿಯೇ ಹಳೆಯದಾಗಿ ಮಂಕಾಗಿದ್ದರೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ.