ಉಪ್ಪುಗಾಳಿಯೂರಲ್ಲಿ ಪಿಯಾನೊ ತಂತಿ
ಕಾರವಾರದ ಕೋಡಿಬಾಗದಲ್ಲಿ ಕಿಟಕಿಯ ಸರಳೇ ತುಕ್ಕು ಹಿಡಿಯುತ್ತದೆ; ದೊಡ್ಡ ಪಿಯಾನೊದ ಸುಮಾರು 230 ತಂತಿಗಳನ್ನು ಉಪ್ಪುಗಾಳಿ ಬಿಟ್ಟೀತೆ?

ಮೊದಲು ಹತ್ತಿಯ ಕೈಗವಸು ಹಾಕಿ. ಬೆವರು ತಾಗಿದಲ್ಲೇ ತುಕ್ಕು ಶುರು. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಒಣ ಬಟ್ಟೆಯಲ್ಲಿ ತಂತಿಯ ಉದ್ದಕ್ಕೇ ಒರೆಸಿ. ತುಕ್ಕಿನ ಚುಕ್ಕೆಗಳಿದ್ದರೆ ಕೆಳಗೆ ಕಾಗದ ಹಾಸಿ, ನಾಲ್ಕು ಸೊನ್ನೆಯ (0000, ಅಂದರೆ ಅತಿ ನಯವಾದ) ಸ್ಟೀಲ್ ವುಲ್‌ನಿಂದ, ಅಂದರೆ ಉಕ್ಕಿನ ಎಳೆಗಳ ಉಂಡೆಯಿಂದ, ಹಗುರಾಗಿ ಉಜ್ಜಿ. ತಾಮ್ರ ಸುತ್ತಿದ ಮಂದ್ರದ ತಂತಿಗಳಿಗೆ ಅದು ಬೇಡ, ಒಣ ಬ್ರಷ್ ಸಾಕು.

ಎಣ್ಣೆಯಂತೂ ಬೇಡವೇ ಬೇಡ. ನಾನೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಸವರಿ ಜಾಣನೆಂದುಕೊಂಡಿದ್ದೆ. ಅದು ತಂತಿ ಬಿಗಿಯುವ ಬಿರಡೆ ಕೂತ ಮರಕ್ಕಿಳಿದು, ಬಿರಡೆಗಳು ಜಾರಿ, ಶ್ರುತಿಯೇ ನಿಲ್ಲದಾಯಿತು! ರಿಪೇರಿಯ ಖರ್ಚು ಕೇಳಬೇಡಿ.

ಬಾರಿಸಿದ ಮೇಲೆ ಮುಚ್ಚಳ ಹಾಕಿ. ಕೋಣೆಯ ತೇವಾಂಶ ಶೇ. 40–50ರ ಆಸುಪಾಸು ಇರಲಿ. ನಮ್ಮ ಆಷಾಢದಲ್ಲಿ ತೇವ ಹೀರುವ ಯಂತ್ರವಿಲ್ಲದೆ ಅದು ಆಗುವ ಮಾತಲ್ಲ.