ಸಿಮ್ಯುಲೇಟರ್‌ನಲ್ಲಿ ಹಾರಿಸಿ ನೋಡಿ ಕಟ್ಟಿದ ಆರು ಮೀಟರ್ ರೆಕ್ಕೆ

ಕೊನೆಗೂ ನಮ್ಮ ರಿಮೋಟ್ ವಿಮಾನದ ಆರು ಮೀಟರ್ ರೆಕ್ಕೆ ಮುರಿಯದೆ ಇಳಿಯಿತು. ಕಾರ್ಕಳದ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ, ಮಧ್ಯಾಹ್ನದ ಗಾಳಿಯಲ್ಲೇ ಹಾರಿಸಿದೆವು. ತುದಿ ಅರ್ಧ ಮೀಟರ್‌ನಷ್ಟು ಮೇಲಕ್ಕೆ ಬಗ್ಗಿದರೂ ಮೂತಿ ನೆಟ್ಟಗಿತ್ತು. "ಸಿಮ್ಯುಲೇಟರ್ ಹಾರಿಸೋದು ಕಲಿಯೋಕೆ, ಡಿಸೈನ್‌ಗೆ ಯಾಕೆ?" ಎಂದು ಕೇಳುತ್ತಿದ್ದ ಮಣಿಪಾಲ, ಸುರತ್ಕಲ್‌ನ ಗೆಳೆಯರಿಗೆ ಇದೇ ನನ್ನ ಉತ್ತರ.

ಹಿಂದಿನ ಎರಡು ರೆಕ್ಕೆಗಳೂ ಮರಳು ಮೂಟೆ ಹೇರಿ ನೋಡುವ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗಿದ್ದವು. ಎರಡೂ ಗಾಳಿಯಲ್ಲೇ ಮುರಿದವು. ಕಾರ್ಬನ್ ಟ್ಯೂಬ್, ಸರ್ವೋ, ಬ್ಯಾಟರಿ ಸೇರಿ ಒಂದೊಂದಕ್ಕೆ ನಲವತ್ತು ಸಾವಿರದ ಹತ್ತಿರ ಹೋಯಿತು. ಸ್ಪಾರ್ (ರೆಕ್ಕೆಯುದ್ದದ ಬೆನ್ನೆಲುಬು) ಎಷ್ಟು ತೂಕ ತಡೆಯುತ್ತದೆ ಅನ್ನುವುದಷ್ಟೇ ಮೂಟೆಯಿಂದ ಗೊತ್ತಾಗುತ್ತದೆ. ರೆಕ್ಕೆ ಕುಣಿಯುವಾಗ ಪೈಲಟ್‌ನ ಕೈ ಏನು ಮಾಡುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ನಾಸಾದ ಹೀಲಿಯೋಸ್ ನೆನಪಿದೆ ಅಲ್ವಾ, ಬಿಸಿಲಿನ ಶಕ್ತಿಯಲ್ಲಿ ಹಾರುತ್ತಿದ್ದ ಪೈಲಟ್ ಇಲ್ಲದ ವಿಮಾನ? 75 ಮೀಟರ್ ರೆಕ್ಕೆ. 2003ರ ಜೂನ್‌ನಲ್ಲಿ ಹವಾಯಿಯ ಹತ್ತಿರ ಗಾಳಿಯ ಹೊಡೆತಕ್ಕೆ ಮೇಲೆ ಬಗ್ಗಿದ್ದು ಹಾಗೇ ಉಳಿಯಿತು. ಮೂತಿಯ ಏರಿಳಿತ ಬೆಳೆಯುತ್ತಾ ಹೋಗಿ ವಿಮಾನ ಸಮುದ್ರ ಸೇರಿತು.

ಮಳೆಗಾಲದಲ್ಲಿ ನಮಗೆ ಹೇಗೂ ಹಾರಾಟವಿಲ್ಲ. ಆಗ ಕೂತು ಜೆಎಸ್‌ಬಿಸಿಮ್ ಅನ್ನುವ ಹಾರಾಟದ ಲೆಕ್ಕ ಹಾಕುವ ಸಾಫ್ಟ್‌ವೇರ್‌ನ ಬಗ್ಗದ ಗಟ್ಟಿ ವಿಮಾನಕ್ಕೆ ಎರಡು ಬಾಗು ಮೋಡ್ (ರೆಕ್ಕೆ ಮೇಲೆ ಕೆಳಗೆ ಕುಣಿಯುವ ಬಗೆ), ಒಂದು ತಿರುಚು ಮೋಡ್ (ರೆಕ್ಕೆ ತಿರುಚಿಕೊಂಡು ಅಲುಗುವ ಬಗೆ) ಸೇರಿಸಿದೆ. ಫ್ರೀಕ್ವೆನ್ಸಿಯನ್ನು, ಅಂದರೆ ರೆಕ್ಕೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದನ್ನು, ಲೆಕ್ಕದಿಂದ ತೆಗೆದುಕೊಳ್ಳಲಿಲ್ಲ. ವಿಮಾನವನ್ನು ಸೈಕಲ್ ಟ್ಯೂಬ್‌ನಲ್ಲಿ ಜಂತಿಗೆ ನೇತುಹಾಕಿ, ತುದಿಗೆ ಫೋನಿನ ಬದಲು ಚಿಕ್ಕ ಸೆನ್ಸರ್ ಅಂಟಿಸಿ, ಬೆರಳಿಂದ ತಟ್ಟಿ ಅಳೆದೆ. ಫೋನಿನ ತೂಕಕ್ಕೇ ಉತ್ತರ ಬದಲಾಗುತ್ತದೆ. ಬಂದದ್ದು ಸುಮಾರು 3 ಹರ್ಟ್ಜ್, ಲೆಕ್ಕಕ್ಕಿಂತ ತುಂಬಾ ಕಡಿಮೆ. ನಡುವಿನ ಜಾಯಿಂಟ್‌ನ ಸಡಿಲವನ್ನು ಯಾವ ಸೂತ್ರವೂ ಹಿಡಿಯುವುದಿಲ್ಲ.

ಜಾಸ್ತಿ ಕಾಡಿದ್ದು ಸಿಮ್ಯುಲೇಟರ್‌ನ ಚಿತ್ರ ತೋರಿಸುತ್ತಿದ್ದ ಟಿವಿ. ಜಾಯ್‌ಸ್ಟಿಕ್ ಎಳೆದು ಚಿತ್ರ ಬದಲಾಗುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ದಾಟುತ್ತಿತ್ತು. ಈ ತಡದಿಂದ ಒಳ್ಳೆಯ ರೆಕ್ಕೆಯನ್ನೂ ಎಲ್ಲರೂ ಕುಣಿಸುತ್ತಿದ್ದರು. ಎಂಟು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಮಾನಿಟರ್ ತಂದ ಮೇಲೆ ಅದು ನಿಂತಿತು. ತಿರುಚು ಮೋಡ್ ಲೆಕ್ಕ ಸಿಡಿದು ಹೋಗುತ್ತಿತ್ತು, ಟೈಮ್ ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇರುವ ಸಮಯ) ಸಣ್ಣದು ಮಾಡಿದೆ. ಕರೆಂಟ್ ಹೋಗಿ ಲಾಗ್ ಕಳೆದಾಗೆಲ್ಲ ಸಿಟ್ಟು ಬರುತ್ತಿತ್ತು, ಯುಪಿಎಸ್‌ಗೆ ಇನ್ನಷ್ಟು ದುಡ್ಡು.

ಇಷ್ಟಾದ ಮೇಲೆ ಬಂದ ಫಲ ನೋಡಿ. ರೆಕ್ಕೆಯ ಬುಡದ ಭಾರ ಇಳಿಯಲಿ ಅಂತ ಬ್ಯಾಟರಿಗಳನ್ನು ರೆಕ್ಕೆಯುದ್ದಕ್ಕೂ ಹಂಚಿದ್ದೆವು. ಭಾರ ಇಳಿಯಿತು, ಜೊತೆಗೆ ಬಾಗು ಫ್ರೀಕ್ವೆನ್ಸಿಯೂ ಇಳಿದು 2 ಹರ್ಟ್ಜ್ ಹತ್ತಿರ ಬಂತು. ಅಲ್ಲಿ ಶಾರ್ಟ್ ಪೀರಿಯಡ್, ಅಂದರೆ ವಿಮಾನದ ಮೂತಿ ತಾನಾಗಿಯೇ ಬೇಗ ಬೇಗ ಏರಿಳಿಯುವ ಗತಿ, ಕಾದಿತ್ತು. ಪೈಲಟ್ ಮೂತಿ ಸರಿಮಾಡಲು ಹೋದಷ್ಟೂ ರೆಕ್ಕೆ ಬಡಿಯುತ್ತಿತ್ತು. ತುದಿಯ ಬ್ಯಾಟರಿಗಳನ್ನು ಒಳಗೆ ತಂದು, ಬುಡಕ್ಕೆ ಎರಡು ಪದರ ಕಾರ್ಬನ್ ಸುತ್ತಿದ ಮಾಡೆಲ್ ಹಾರಿಸಿದಾಗ ಕೂಪರ್-ಹಾರ್ಪರ್ ಅಂಕ (ಹಾರಿಸುವುದು ಎಷ್ಟು ಕಷ್ಟ ಅಂತ ಪೈಲಟ್ ಕೊಡುವ ಅಂಕ, 1 ಅತ್ಯುತ್ತಮ, 10 ಅತಿ ಕೆಟ್ಟದ್ದು) 7ರಿಂದ 3ಕ್ಕೆ ಇಳಿಯಿತು. ಆಮೇಲೇ ಹೊಸ ರೆಕ್ಕೆಯ ಸ್ಪಾರ್ ಕತ್ತರಿಸಿದ್ದು. ಎಲಿವೇಟರ್‌ಗೆ (ಮೂತಿ ಏರಿಳಿಸುವ ಪಟ್ಟಿ) ಕುಣಿತ ತಲುಪದಂತೆ ಹಾಕಿದ ಫಿಲ್ಟರ್‌ನ ಅಂಕಿ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ. ಹಳೆ ಸ್ಕೂಟರ್ ಸ್ಪ್ರಿಂಗ್ ಮೇಲೆ ಹಲಗೆ ಇಟ್ಟು, ವೈಪರ್ ಮೋಟಾರ್‌ನಿಂದ ಅದೇ 2 ಹರ್ಟ್ಜ್‌ನಲ್ಲಿ ಅಲುಗಾಡಿಸಿ, ಮೇಲೆ ಪೈಲಟ್‌ನನ್ನು ಕೂರಿಸಿದೆ. ಮೈ ಜೊತೆ ಕೈ, ಕೈ ಜೊತೆ ಜಾಯ್‌ಸ್ಟಿಕ್! ಅವನಿಗೆ ಗೊತ್ತಿಲ್ಲದೇ ಎಲಿವೇಟರ್ ಆಡುತ್ತಿತ್ತು. ನಮ್ಮ ಪೈಲಟ್ ನೆಲದಲ್ಲೇ ನಿಂತಿರುತ್ತಾನೆ, ಅವನಿಗೆ ಇದು ಬೇಡ. ಕಾಕ್‌ಪಿಟ್ಟಿನಲ್ಲಿ ಕೂತು ಹಾರಿಸುವ ಉದ್ದನೆಯ ವಿಮಾನಕ್ಕೆ ಇದು ದೊಡ್ಡ ವಿಷಯ.

ಸಿಮ್ಯುಲೇಟರ್‌ಗೆ ಒಟ್ಟು ಇಪ್ಪತ್ತೈದು ಸಾವಿರದೊಳಗೆ ಖರ್ಚು, ಒಂದು ಮುರಿದ ರೆಕ್ಕೆಗಿಂತ ಕಡಿಮೆ. ಎಂಟು ಮೀಟರ್ ರೆಕ್ಕೆಯ ಫೈಲ್ ಈಗ ಶುರುವಾಗಿದೆ. ಅದರ ತಿರುಚು ಮೋಡ್ ಇನ್ನೂ ಸರಿಯಾಗಿ ಕೂತಿಲ್ಲ.