ಬಯಲಿನ ಒಂಟಿ ಕಟ್ಟಡ: ಹಿಂದಕ್ಕೆ ನಡೆದು ಕಲಿತದ್ದು

ಮೊದಲ ಎರಡು ವರ್ಷಗಳಲ್ಲಿ ನಾನು ತೆಗೆದ ಪಾಳುಕಟ್ಟಡಗಳ ಚಿತ್ರಗಳನ್ನು ಈಗ ತೆರೆದು ನೋಡಿದರೆ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಎಲ್ಲದರಲ್ಲಿಯೂ ನಾನು ಕಟ್ಟಡಕ್ಕೆ ತೀರ ಹತ್ತಿರ ನಿಂತಿದ್ದೇನೆ. ಬಯಲಿನ ನಡುವೆ ಸೂರು ಕುಸಿದ ಒಂದು ಮನೆಯೋ ಬಾಗಿಲಿಲ್ಲದ ಉಗ್ರಾಣವೋ ದೂರದಿಂದ ಕಣ್ಣಿಗೆ ಬಿದ್ದಾಗ ಮನಸ್ಸು ಅಲ್ಲಿಯೇ ತಡೆದು ನಿಲ್ಲುತ್ತಿತ್ತು. ಆದರೆ ಕ್ಯಾಮೆರಾ ಹೊರತೆಗೆಯುವ ಹೊತ್ತಿಗೆ ಕಾಲುಗಳು ಆ ಗೋಡೆಯವರೆಗೆ ನಡೆದುಬಿಟ್ಟಿರುತ್ತಿದ್ದವು. ಮನೆಗೆ ಬಂದು ನೋಡಿದರೆ ಉದುರಿದ ಗಾರೆ, ಬಿರುಕು, ತುಕ್ಕು ಹಿಡಿದ ಕೊಂಡಿ ಎಲ್ಲವೂ ಸ್ಪಷ್ಟವಾಗಿ ಇರುತ್ತಿದ್ದವು, ನನ್ನನ್ನು ತಡೆದು ನಿಲ್ಲಿಸಿದ್ದ ಆ ಒಂಟಿತನವೊಂದೇ ಇರುತ್ತಿರಲಿಲ್ಲ. ಅದು ಕಟ್ಟಡದಲ್ಲಿ ಇರುವುದಲ್ಲ, ಕಟ್ಟಡಕ್ಕೂ ಅದರ ಸುತ್ತಲಿನ ನೆಲಕ್ಕೂ ನಡುವಿನ ಪ್ರಮಾಣದಲ್ಲಿ ಇರುವುದು ಎಂದು ತಿಳಿಯಲು ನನಗೆ ಅಷ್ಟು ಕಾಲ ಬೇಕಾಯಿತು.

ತಪ್ಪಿಗೆ ಒಂದು ಕಾರಣ ನಾನು ಮೆಚ್ಚಿ ಅನುಕರಿಸಲು ಹೊರಟವರ ಕ್ರಮವೂ ಹೌದು. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಶರ್ ಎಂಬ ಛಾಯಾಗ್ರಾಹಕ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಗೋಪುರಗಳನ್ನೂ ಗಣಿಯ ಕಟ್ಟಡಗಳನ್ನೂ ಊದುಕುಲುಮೆಗಳನ್ನೂ ಮೋಡ ಕವಿದ ಬೆಳಕಿನಲ್ಲಿ, ಸಾಧ್ಯವಾದಲ್ಲಿ ಎತ್ತರದ ನೆಲೆಯಿಂದ, ಚೌಕಟ್ಟಿನ ನಡುವೆ ನೇರವಾಗಿ ನಿಲ್ಲಿಸಿ ಚಿತ್ರಿಸಿದರು. ಅವರಿಗೆ ಬೇಕಾಗಿದ್ದದ್ದು ಒಂದು ಬಗೆಯ ಕಟ್ಟಡವನ್ನು ಅದೇ ಬಗೆಯ ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವುದು. ಅದಕ್ಕೆ ನೆಲ ಅಡ್ಡಿಯೇ ಹೊರತು ಸಹಾಯವಲ್ಲ. ನನಗೆ ಬೇಕಾಗಿದ್ದದ್ದು ಅದರ ತದ್ವಿರುದ್ಧ ಎಂಬುದನ್ನು ಗಮನಿಸದೆ ನಾನು ಅವರ ವಿಧಾನವನ್ನು ಮಾತ್ರ ಎತ್ತಿಕೊಂಡಿದ್ದೆ.

ಹಾಗಾದರೆ ಅಗಲವಾದ ನೋಟ ಹಿಡಿಯುವ ವೈಡ್ ಆಂಗಲ್ ಲೆನ್ಸ್ ಹಾಕಿ ಬಯಲನ್ನೆಲ್ಲ ತುಂಬಿಕೊಂಡರೆ ಸಾಕಲ್ಲವೇ ಎಂದು ನಾನೂ ಯೋಚಿಸಿದೆ. ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ಮೇಲೆ ಆ ಭ್ರಮೆ ಹರಿಯಿತು. 6 ಮೀಟರ್ ಎತ್ತರದ ಮನೆಯೊಂದರ ಹಿಂದೆ 2 ಕಿಲೋಮೀಟರ್ ದೂರದಲ್ಲಿ 60 ಮೀಟರ್ ಎತ್ತರದ ಗುಡ್ಡವಿದೆ ಎಂದಿಟ್ಟುಕೊಳ್ಳಿ. ಚಿತ್ರ ಮೂಡುವ ಸೆನ್ಸರ್ 36×24 ಮಿಲಿಮೀಟರ್ ಇರುವ ಕ್ಯಾಮೆರಾದಲ್ಲಿ 24 ಎಂಎಂನ ಅಂಥ ಲೆನ್ಸ್ ಹಾಕಿ 100 ಮೀಟರ್ ದೂರದಿಂದ ತೆಗೆದರೆ ಮನೆ ಸೆನ್ಸರಿನ ಮೇಲೆ ಸುಮಾರು 1.4 ಮಿಲಿಮೀಟರ್ ಎತ್ತರಕ್ಕೆ ಮೂಡುತ್ತದೆ, ಗುಡ್ಡ ಅದರ ಅರ್ಧದಷ್ಟಕ್ಕೆ ಕುಗ್ಗುತ್ತದೆ. ಅದೇ ಮನೆಯನ್ನು ದೂರದ್ದನ್ನು ದೊಡ್ಡದಾಗಿಸುವ 200 ಎಂಎಂ ಟೆಲಿ ಲೆನ್ಸಿನಿಂದ 800 ಮೀಟರ್ ದೂರ ನಿಂತು ತೆಗೆದರೆ ಮನೆಯ ಗಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಆದರೆ ಗುಡ್ಡ ಅದರ ಮೂರು ಪಟ್ಟಿಗೆ ಸಮೀಪ ಎತ್ತರವಾಗಿ ಹಿಂದೆ ನಿಲ್ಲುತ್ತದೆ. ಪ್ರಮಾಣವನ್ನು ಬದಲಿಸುವುದು ಲೆನ್ಸ್ ಅಲ್ಲ, ನಾವು ನಿಂತ ದೂರ. ಲೆನ್ಸ್ ಕೇವಲ ಎಷ್ಟನ್ನು ಕತ್ತರಿಸಿಕೊಳ್ಳಬೇಕೆಂಬುದನ್ನು ತೀರ್ಮಾನಿಸುತ್ತದೆ. ಹಿಂದೆ ಗುಡ್ಡವೋ ಏರುವ ಹೊಲವೋ ಇದ್ದಲ್ಲಿ ನಾನು ಈಗ ದೂರ ನಡೆದು ಟೆಲಿ ಲೆನ್ಸನ್ನೇ ಬಳಸುತ್ತೇನೆ. ಬರೀ ಆಕಾಶವಿರುವ ಸಮತಟ್ಟಾದ ಬಯಲಿನಲ್ಲಿ ಮಾತ್ರ 35 ಅಥವಾ 50 ಎಂಎಂ ಸಾಕಾಗುತ್ತದೆ.

ಎಷ್ಟು ಚಿಕ್ಕದಾಗಿಸಬಹುದು ಎಂಬುದಕ್ಕೆ ಮಿತಿಯಿದೆ. ಮೇಲೆ ಹೇಳಿದ ಮನೆ ಚೌಕಟ್ಟಿನ ಎತ್ತರದಲ್ಲಿ ಶೇಕಡ 6ರಷ್ಟು ಮಾತ್ರ; 6000×4000 ಪಿಕ್ಸೆಲಿನ ಚಿತ್ರದಲ್ಲಿ ಅದು 240 ಪಿಕ್ಸೆಲ್. ದೊಡ್ಡ ಮುದ್ರಣದಲ್ಲಿ ಅದು ಚೆಂದವಾಗಿಯೇ ಕಾಣುತ್ತದೆ, ಮೊಬೈಲಿನ ಪರದೆಯಲ್ಲಿ ಧೂಳಿನ ಕಣ ಎಂದು ಒರೆಸಿಬಿಡುವಂತಿರುತ್ತದೆ. ಹತ್ತನೆಯ ಒಂದು ಭಾಗದಿಂದ ಆರನೆಯ ಒಂದು ಭಾಗದವರೆಗೆ ಇದ್ದರೆ ನನಗೆ ಸಮಾಧಾನ.

ದೂರ ನಿಂತು ತೆಗೆಯುವುದಕ್ಕೆ ಬಿಸಿಲೇರಿದ ಹೊತ್ತು ಆಗದು. ಕಾದ ನೆಲದ ಮೇಲಿನ ಗಾಳಿ ಬೇರೆ ಬೇರೆ ಉಷ್ಣತೆಯ ಪದರಗಳಾಗಿ ಅಲುಗಾಡುತ್ತ ಬೆಳಕನ್ನು ಬಾಗಿಸುವುದರಿಂದ ಗೋಡೆಯ ಅಂಚು ನೀರಿನೊಳಗಿನಂತೆ ಕುಣಿಯುತ್ತದೆ, ಅದನ್ನು ಯಾವ ದುಬಾರಿ ಲೆನ್ಸೂ ಸರಿಪಡಿಸಲಾರದು. ಒಮ್ಮೆ ಇಡೀ ಮಧ್ಯಾಹ್ನ ತೆಗೆದ ಚಿತ್ರಗಳು ಮಸುಕಾದುದಕ್ಕೆ ನಾನು ಟ್ರೈಪಾಡನ್ನು ದೂರಿದ್ದುಂಟು, ಅದರದೇನೂ ತಪ್ಪಿರಲಿಲ್ಲ.

ಇದಕ್ಕಿಂತ ಹೆಚ್ಚು ಕಾಲ ನನ್ನನ್ನು ಕಾಡಿದ್ದು ದಿಗಂತ. ಸಮತಟ್ಟಾದ ನೆಲದಲ್ಲಿ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ದಿಗಂತದ ಗೆರೆ ಎದುರಿನ ಪ್ರತಿಯೊಂದು ವಸ್ತುವನ್ನೂ ಕತ್ತರಿಸುತ್ತದೆ, ವಸ್ತು ಹತ್ತಿರವಿರಲಿ ದೂರವಿರಲಿ. ಒಂದೂವರೆ ಮೀಟರ್ ಎತ್ತರದಲ್ಲಿ ಕ್ಯಾಮೆರಾ ಇಟ್ಟರೆ 6 ಮೀಟರಿನ ಮನೆಯ ಕಾಲು ಭಾಗ ನೆಲದ ಹಿನ್ನೆಲೆಯಲ್ಲಿಯೂ ಮುಕ್ಕಾಲು ಭಾಗ ಆಕಾಶದ ಹಿನ್ನೆಲೆಯಲ್ಲಿಯೂ ಬರುತ್ತದೆ. ಕ್ಯಾಮೆರಾವನ್ನು ಮೊಳಕಾಲಿನ ಮಟ್ಟಕ್ಕೆ ಇಳಿಸಿದರೆ ಮನೆ ಹೆಚ್ಚುಕಡಿಮೆ ಪೂರ್ತಿಯಾಗಿ ಆಕಾಶಕ್ಕೆ ಎದ್ದು ನಿಂತು ಸ್ಮಾರಕದ ಗತ್ತು ಪಡೆಯುತ್ತದೆ. ದಿಬ್ಬ ಹತ್ತಿ ಕೆಳಗೆ ನೋಡಿದರೆ ಅದು ನೆಲದೊಳಗೆ ಮುಳುಗಿದಂತಾಗಿ, ನಿಜವಾಗಿ ಕೈಬಿಟ್ಟುಹೋದಂತೆ ಕಾಣುತ್ತದೆ. ಎರಡೂ ನನಗೆ ಒಪ್ಪಿಗೆ. ಒಪ್ಪಿಗೆಯಿಲ್ಲದ್ದು ನಡುವಿನ ಒಂದು ಸ್ಥಿತಿ: ಮಾಡಿನ ತುದಿ ಸರಿಯಾಗಿ ದಿಗಂತದ ಗೆರೆಗೆ ತಾಗಿ ಎರಡೂ ಒಂದಾಗಿಬಿಟ್ಟರೆ ಕಟ್ಟಡದ ಆಕಾರವೇ ಕಳೆದುಹೋಗುತ್ತದೆ. ಅಂಥಲ್ಲಿ ಎರಡು ಹೆಜ್ಜೆ ದಿಬ್ಬದಿಂದ ಇಳಿಯುವುದೋ ಏರುವುದೋ ಸಾಕು, ಆದರೆ ಅದನ್ನು ಅಲ್ಲಿಯೇ ಗಮನಿಸಬೇಕು, ಮನೆಗೆ ಬಂದ ಮೇಲೆ ಮಾಡುವುದು ಏನೂ ಇರುವುದಿಲ್ಲ.

ಗೋಡೆಗಳು ಒಳಕ್ಕೋ ಹೊರಕ್ಕೋ ಬಾಗಿ ಕಾಣದಿರಲು ಕ್ಯಾಮೆರಾವನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ಓರೆ ಮಾಡದೆ ಮಟ್ಟವಾಗಿ ಇಡುತ್ತೇನೆ. ಆಗ ದಿಗಂತ ಚೌಕಟ್ಟಿನ ನಡುವೆಯೇ ಬರುತ್ತದೆ. ಹೆಚ್ಚು ಆಕಾಶ ಬೇಕಾದರೆ ಕೆಳಗಿನ ನೆಲವನ್ನು ಆಮೇಲೆ ಕತ್ತರಿಸುತ್ತೇನೆ. ಕ್ಯಾಮೆರಾವನ್ನು ಓರೆ ಮಾಡದೆಯೇ ನೋಟವನ್ನು ಮೇಲೆ ಕೆಳಗೆ ಸರಿಸುವ ಶಿಫ್ಟ್ ಲೆನ್ಸ್ ಇದ್ದವರಿಗೆ ಈ ತೊಂದರೆಯಿಲ್ಲ, ನನ್ನಲ್ಲಿ ಇಲ್ಲ.

ಬೆಳಕಿನ ವಿಷಯದಲ್ಲಿ ಸೂರ್ಯ ಕೆಳಗಿರಬೇಕು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಬಯಲಿನಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ 6 ಮೀಟರ್ ಎತ್ತರದ ಮನೆಯ ನೆರಳು 34 ಮೀಟರ್ ಉದ್ದ ಚಾಚುತ್ತದೆ. ಆ ನೆರಳು ಬೀಳಲು ಖಾಲಿ ಜಾಗ ಇರುವುದು ಬಯಲಿನಲ್ಲಿ ಮಾತ್ರ, ಹಾಗಾಗಿ ಅದನ್ನು ಕಟ್ಟಡದ ಒಂದು ಭಾಗವೆಂದೇ ಎಣಿಸಿ ಚೌಕಟ್ಟಿನಲ್ಲಿ ಅದಕ್ಕೆ ಸ್ಥಳ ಬಿಡುತ್ತೇನೆ. ಗೋಡೆಗೆ ಎದುರಾಗಿ ಬೀಳುವ ಬಿಸಿಲು ಅದನ್ನು ಚಪ್ಪಟೆ ಮಾಡುತ್ತದೆ. ಗೋಡೆಯನ್ನು ಸವರಿಕೊಂಡು ಹೋಗುವ ಓರೆಬಿಸಿಲಿನಲ್ಲಿ ಗಾರೆಯ ಒಂದೊಂದು ಪದರವೂ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಚದುರಿದ ಮೋಡಗಳ ದಿನ. ಮೋಡದ ನೆರಳು ಇಡೀ ಬಯಲನ್ನು ಕಪ್ಪಾಗಿಸಿ ಆ ಒಂದು ಗೋಡೆಯ ಮೇಲೆ ಮಾತ್ರ ಬಿಸಿಲು ಉಳಿಯುವ ಕೆಲವು ಕ್ಷಣಗಳಿಗಾಗಿ ನಾನು ಮೂರು ಗಂಟೆ ಕಾದದ್ದಿದೆ, ಅದು ಬಂದಾಗ ಬ್ಯಾಟರಿ ಬದಲಿಸುತ್ತ ಕುಳಿತಿದ್ದದ್ದೂ ಇದೆ.

ಅಂಥ ಕ್ಷಣದಲ್ಲಿ ಒಳಬಿಡುವ ಬೆಳಕಿನ ಲೆಕ್ಕ, ಅಂದರೆ ಎಕ್ಸ್‌ಪೋಷರ್ ಕೈಕೊಡುವುದು ಸುಲಭ. ವಿಶಾಲವಾದ ಕಪ್ಪು ನೆಲವನ್ನು ನೋಡಿ ಕ್ಯಾಮೆರಾ ಬೆಳಕನ್ನು ಹೆಚ್ಚಿಸುತ್ತದೆ, ಸುಣ್ಣ ಬಳಿದ ಚಿಕ್ಕ ಗೋಡೆ ವಿವರವೆಲ್ಲ ಕಳೆದುಕೊಂಡು ಬೆಳ್ಳಗೆ ಉಳಿಯುತ್ತದೆ. ಆ ಗೋಡೆ ಚೌಕಟ್ಟಿನ ವಿಸ್ತೀರ್ಣದಲ್ಲಿ ಶೇಕಡ 1ರಷ್ಟೂ ಇರುವುದಿಲ್ಲವಾದ್ದರಿಂದ ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮನ್ನು ನೋಡಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ಗೋಡೆಯನ್ನೇ ಅಳೆದು, ಮೀಟರು ಅಳೆದದ್ದನ್ನು ಬೂದಾಗಿಸಲು ನೋಡುವುದರಿಂದ ಗೋಡೆ ಬೂದು ಬಣ್ಣಕ್ಕೆ ಇಳಿಯದಂತೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಹೆಚ್ಚಿಸಿ, ನೆಲ ಎಷ್ಟು ಕಪ್ಪಾದರೂ ಆಗಲಿ ಎಂದು ಬಿಟ್ಟುಬಿಡುತ್ತೇನೆ.

ಯಜಮಾನರು ಇದ್ದರೆ ಕೇಳಿಯೇ ಹೊಲಕ್ಕೆ ಇಳಿಯುತ್ತೇನೆ, ಕುಸಿಯುವ ಮಾಡಿನ ಕೆಳಗೆ ಹೋಗುವುದಿಲ್ಲ. ಹಳೆಯ ಮರದ ಕಂಬ, ಬಾಗಿಲುಗಳನ್ನು ಕಿತ್ತೊಯ್ಯುವವರಿಗೆ ದಾರಿ ತೋರಿಸಿದಂತಾಗಬಾರದೆಂದು ಸ್ಥಳವನ್ನೂ ಬರೆಯುವುದಿಲ್ಲ.

ಒಂದು ಉಗ್ರಾಣವನ್ನು ಮಾತ್ರ ಏಳು ವರ್ಷಗಳಿಂದ ಪ್ರತಿ ವರ್ಷವೂ ಅದೇ ಜಾಗದಿಂದ ತೆಗೆಯುತ್ತಿದ್ದೇನೆ. ಮೊದಲ ವರ್ಷದ ಚಿತ್ರವನ್ನು ಮುದ್ರಿಸಿ ಕೊಂಡೊಯ್ದು, ಅದರಲ್ಲಿ ಕಿಟಕಿಯ ಎಡ ಅಂಚು ಹಿಂದಿನ ಗುಡ್ಡದ ತಗ್ಗಿಗೆ ಎಲ್ಲಿ ಕೂಡಿತ್ತೋ ಅಲ್ಲಿಯೇ ಕೂಡುವವರೆಗೆ ಟ್ರೈಪಾಡನ್ನು ಪಕ್ಕಕ್ಕೆ ಸರಿಸುತ್ತೇನೆ. ಮೂರನೆಯ ವರ್ಷ ತೊಲೆ ಮುರಿಯಿತು, ಐದನೆಯ ವರ್ಷ ಮಾಡು ಹೋಯಿತು, ಕಳೆದ ವರ್ಷ ಕಿಟಕಿಯೇ ಇಲ್ಲವಾದ್ದರಿಂದ ಅಡಿಪಾಯದ ಒಂದು ಕಲ್ಲನ್ನು ಗುರುತಾಗಿ ಹಿಡಿದೆ. ಈಗ ಉಳಿದಿರುವ ಗೋಡೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ನನ್ನ ಕ್ಯಾಮೆರಾಕ್ಕಿಂತ ತಗ್ಗು, ಅಂದರೆ ಚಿತ್ರದಲ್ಲಿ ಅದು ಪೂರ್ತಿಯಾಗಿ ದಿಗಂತದ ಕೆಳಗೆ ಇಳಿದಿದೆ. ಹೋಲಿಕೆಗೆಂದು ಹಳೆಯ ಎತ್ತರದಿಂದ ಒಂದು ಚಿತ್ರ ತೆಗೆದ ಮೇಲೆ, ಟ್ರೈಪಾಡಿನ ಕಾಲುಗಳನ್ನು ಮಡಚಿ, ಹುಲ್ಲಿನಲ್ಲಿ ಮಂಡಿಯೂರಿ, ಆ ಗೋಡೆ ಮತ್ತೆ ಆಕಾಶಕ್ಕೆ ತಾಗುವಂತೆ ಇನ್ನೊಂದನ್ನೂ ತೆಗೆದುಕೊಂಡು ಬಂದೆ.